ಸಕ್ಕರೆ ಜೋಡಿಸಿದ ಜೈವಿಕ ವಿಘಟನೀಯ ಪಾಲಿಮರ್‌ಗಳು: ವೈದ್ಯಕೀಯ ಬಳಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೇಹದೊಳಗೆ ತಮ್ಮ ಕೆಲಸ ಮುಗಿಸಿ ತಾವಾಗಿಯೇ ಕರಗಿಹೋಗುವ ಪಾಲಿಮರ್‌ಗಳಿಗೆ, ಅಂದರೆ ಚಿಕ್ಕ ಅಣುಗಳು ಸರಪಳಿಯಂತೆ ಬೆಸೆದುಕೊಂಡ ದೊಡ್ಡ ಅಣುಗಳಿಗೆ, ಗ್ಲೂಕೋಸ್, ಗ್ಯಾಲಕ್ಟೋಸ್, ಮ್ಯಾನೋಸ್ ಮುಂತಾದ ಸಕ್ಕರೆಗಳನ್ನು ಜೋಡಿಸುವ ಸಂಶೋಧನೆ ಹಲವು ದಶಕಗಳಿಂದ ನಡೆದುಬಂದಿದೆ. ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ರಸಾಯನಶಾಸ್ತ್ರ, ಔಷಧ ವಿಜ್ಞಾನ ಮತ್ತು ಬಯೋಮೆಡಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಶ್ನೆಗಳ ಜೊತೆಗೆ, ಇಂತಹ ಔಷಧ ಪಡೆಯುತ್ತಿರುವ ರೋಗಿಗಳ ಮನೆಯವರು ಕೇಳುವ ಒಂದೆರಡು ಪ್ರಶ್ನೆಗಳನ್ನೂ ಇಲ್ಲಿ ಎತ್ತಿಕೊಳ್ಳಲಾಗಿದೆ. ಸಕ್ಕರೆ ಸೇರಿದ ಮಾತ್ರಕ್ಕೆ ಪಾಲಿಮರ್ ದೇಹಕ್ಕೆ ಒಗ್ಗುತ್ತದೆ ಎಂಬ ನಂಬಿಕೆ ಬಹಳ ಕಡೆ ಕಾಣುತ್ತದೆ. ಸಕ್ಕರೆ ಯಾವ ಜಾಗದಲ್ಲಿ, ಎಷ್ಟು ಪ್ರಮಾಣದಲ್ಲಿ, ಯಾವ ಬಂಧದ ಮೂಲಕ ಸೇರಿದೆ ಎಂಬುದನ್ನು ತಿಳಿಯದೆ ಆ ಮಾತನ್ನು ಒಪ್ಪುವಂತಿಲ್ಲ.

ಇಲ್ಲಿ ಹೇಳುತ್ತಿರುವ ಜೈವಿಕ ವಿಘಟನೀಯ ಪಾಲಿಮರ್‌ಗಳು ಯಾವುವು?

ಮುಖ್ಯವಾಗಿ ನಾಲ್ಕು ಪಾಲಿಎಸ್ಟರ್‌ಗಳು: ಪಾಲಿಗ್ಲೈಕಾಲಿಕ್ ಆಮ್ಲ (ಪಿಜಿಎ), ಪಾಲಿಲ್ಯಾಕ್ಟಿಕ್ ಆಮ್ಲ (ಪಿಎಲ್‌ಎ), ಇವೆರಡರ ಘಟಕಗಳನ್ನು ಬೆರೆಸಿ ಪಡೆಯುವ ಪಿಎಲ್‌ಜಿಎ ಮತ್ತು ಪಾಲಿಕ್ಯಾಪ್ರೋಲ್ಯಾಕ್ಟೋನ್ (ಪಿಸಿಎಲ್). 1970ರ ದಶಕದಲ್ಲಿ ಪಿಜಿಎಯಿಂದ ಮಾಡಿದ ಡೆಕ್ಸಾನ್ ಮತ್ತು ಗ್ಲೈಕೋಲೈಡ್–ಲ್ಯಾಕ್ಟೈಡ್ 90:10 ಪ್ರಮಾಣದಲ್ಲಿರುವ ವಿಕ್ರಿಲ್ ಹೊಲಿಗೆ ದಾರಗಳು ಶಸ್ತ್ರಚಿಕಿತ್ಸೆಗೆ ಬಂದವು. ಒಳಗೆ ಹಾಕಿದ ಹೊಲಿಗೆಯನ್ನು ಮತ್ತೆ ಬಿಚ್ಚಬೇಕಿಲ್ಲ ಎಂದು ಇಂದು ವೈದ್ಯರು ಹೇಳುವಾಗ ಅದರ ಹಿಂದೆ ಇರುವುದು ಈ ಕುಟುಂಬದ ಪಾಲಿಮರ್‌ಗಳೇ. ಇವುಗಳ ಸರಪಳಿಯಲ್ಲಿರುವ ಎಸ್ಟರ್ ಬಂಧಗಳನ್ನು ದೇಹದ ನೀರು ಒಂದೊಂದಾಗಿ ಕಡಿಯುತ್ತದೆ. ಮೊದಲ ಮೂರು ಪಾಲಿಮರ್‌ಗಳಿಂದ ಕೊನೆಗೆ ಉಳಿಯುವ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳು ಚಯಾಪಚಯ ಕ್ರಿಯೆಗೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಹೋಗುತ್ತವೆ, ಗ್ಲೈಕಾಲಿಕ್ ಆಮ್ಲದ ಒಂದು ಪಾಲು ಮೂತ್ರದಲ್ಲಿಯೂ ಹೋಗುತ್ತದೆ. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಘಟಕಗಳು ಸಮ ಪ್ರಮಾಣದಲ್ಲಿರುವ ಪಿಎಲ್‌ಜಿಎ ಒಂದೆರಡು ತಿಂಗಳಲ್ಲಿ ಕರಗಿದರೆ, ಪಿಸಿಎಲ್ ಪೂರ್ತಿ ಕರಗಲು ಎರಡು–ಮೂರು ವರ್ಷ ಬೇಕಾಗುತ್ತದೆ.

ಈ ಪಾಲಿಮರ್‌ಗಳು ಚೆನ್ನಾಗಿಯೇ ಕೆಲಸ ಮಾಡುತ್ತಿರುವಾಗ ಸಕ್ಕರೆಯನ್ನು ಏಕೆ ಸೇರಿಸಬೇಕು?

ಹೊಲಿಗೆ ದಾರದ ಮಟ್ಟಿಗೆ ಸೇರಿಸುವ ಅಗತ್ಯವೇ ಇಲ್ಲ. ಔಷಧವನ್ನು ನಿರ್ದಿಷ್ಟ ಜೀವಕೋಶಕ್ಕೆ ಒಯ್ಯಬೇಕಾದಾಗ ಅಥವಾ ಜೀವಕೋಶಗಳು ಹಿಡಿದು ಬೆಳೆಯುವಂತಹ ಆಧಾರವನ್ನು ರೂಪಿಸಬೇಕಾದಾಗ ಕೊರತೆಗಳು ಎದ್ದು ಕಾಣುತ್ತವೆ. ಈ ಪಾಲಿಎಸ್ಟರ್‌ಗಳು ನೀರನ್ನು ದೂರವಿಡುವ ಸ್ವಭಾವದವು. ಅವುಗಳ ಸರಪಳಿಯ ಉದ್ದಕ್ಕೂ ಎಸ್ಟರ್ ಬಂಧಗಳನ್ನು ಬಿಟ್ಟರೆ ರಾಸಾಯನಿಕವಾಗಿ ಹಿಡಿತ ಸಿಗುವ ಜಾಗವೇ ಇಲ್ಲವಾದ್ದರಿಂದ, ಒಂದು ಪೆಪ್ಟೈಡನ್ನೋ ಔಷಧದ ಅಣುವನ್ನೋ ಅಂಟಿಸಲು ಸಿಗುವುದು ಸರಪಳಿಯ ಎರಡು ತುದಿಗಳು ಮಾತ್ರ. ಸಕ್ಕರೆಯಾದರೋ ಆಮ್ಲಜನಕ–ಹೈಡ್ರೋಜನ್ ಜೋಡಿಯಾದ ಹೈಡ್ರಾಕ್ಸಿಲ್ ಗುಂಪುಗಳಿಂದ ತುಂಬಿರುತ್ತದೆ. ಗ್ಲೂಕೋಸಿನ ಒಂದೇ ಅಣುವಿನಲ್ಲಿ ಅಂತಹ ಐದು ಗುಂಪುಗಳಿವೆ. ಅದನ್ನು ಸೇರಿಸಿದರೆ ಪಾಲಿಮರಿಗೆ ನೀರಿನ ಒಲವು ಬರುತ್ತದೆ, ಬೇರೆ ಅಣುಗಳನ್ನು ಜೋಡಿಸಲು ಜಾಗ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೀವಕೋಶಗಳ ಮೇಲ್ಮೈಯಲ್ಲಿ ಸಕ್ಕರೆಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿವೆ, ಅವುಗಳ ಮೂಲಕ ಪಾಲಿಮರನ್ನು ಬೇಕಾದ ಕೋಶದೊಳಕ್ಕೆ ಕಳುಹಿಸಬಹುದು. ಈ ಮೂರನೆಯ ಕಾರಣಕ್ಕಾಗಿಯೇ ಹೆಚ್ಚಿನ ಸಂಶೋಧನೆ ನಡೆಯುತ್ತಿದೆ, ಮತ್ತು ಹೆಚ್ಚಿನ ಪ್ರಯತ್ನಗಳು ಎಡವುವುದೂ ಅಲ್ಲಿಯೇ.

ಸಕ್ಕರೆಯನ್ನು ಪಾಲಿಮರಿಗೆ ಯಾವ ಯಾವ ರೀತಿಯಲ್ಲಿ ಸೇರಿಸಬಹುದು?

ಮೊದಲನೆಯದು, ಸಕ್ಕರೆಯಿಂದಲೇ ಪಾಲಿಮರನ್ನು ಬೆಳೆಸುವುದು. ಲ್ಯಾಕ್ಟೈಡ್ ಅಥವಾ ಕ್ಯಾಪ್ರೋಲ್ಯಾಕ್ಟೋನಿನ ಉಂಗುರವನ್ನು ತೆರೆದು ಸರಪಳಿಯಾಗಿ ಬೆಸೆಯುವ ಕ್ರಿಯೆಗೆ ಒಂದು ಹೈಡ್ರಾಕ್ಸಿಲ್ ಗುಂಪು ಆರಂಭಬಿಂದುವಾಗುತ್ತದೆ. ಸ್ಟ್ಯಾನಸ್ ಆಕ್ಟೋಯೇಟ್ ಎಂಬ ತವರದ ಸಂಯುಕ್ತವನ್ನು ವೇಗವರ್ಧಕವಾಗಿ ಬಳಸಿ, 110ರಿಂದ 130 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇದನ್ನು ಸಾಮಾನ್ಯವಾಗಿ ನಡೆಸುತ್ತಾರೆ. ಗ್ಲೂಕೋಸಿನ ಹಲವು ಹೈಡ್ರಾಕ್ಸಿಲ್‌ಗಳಿಂದ ಸರಪಳಿಗಳು ಒಟ್ಟಿಗೆ ಬೆಳೆದರೆ ಮಧ್ಯದಲ್ಲಿ ಸಕ್ಕರೆ, ಸುತ್ತಲೂ ತೋಳುಗಳಿರುವ ನಕ್ಷತ್ರಾಕಾರದ ಪಾಲಿಮರ್ ಸಿಗುತ್ತದೆ. ಎರಡನೆಯದು, ಸಿದ್ಧ ಸರಪಳಿಯ ತುದಿಗೆ ಅಥವಾ ಪಕ್ಕದ ಕೊಂಡಿಗಳಿಗೆ ಸಕ್ಕರೆಯನ್ನು ತಗುಲಿಸುವುದು. ಮೂರನೆಯದು, ಸಕ್ಕರೆಯನ್ನೇ ಸರಪಳಿಯ ಅಂಗವಾಗಿಸುವುದು. ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಲ್ಯಾಂಗರ್ ಅವರ ಪ್ರಯೋಗಾಲಯವು 2002ರಲ್ಲಿ ಗ್ಲಿಸರಾಲ್ ಮತ್ತು ಸೆಬಾಸಿಕ್ ಆಮ್ಲದಿಂದ ರಬ್ಬರಿನಂತೆ ಹಿಗ್ಗುವ ವಿಘಟನೀಯ ಪಾಲಿಮರನ್ನು ಪ್ರಕಟಿಸಿತು. ಮುಂದೆ ಅದೇ ಪ್ರಯೋಗಾಲಯ ಗ್ಲಿಸರಾಲಿನ ಜಾಗದಲ್ಲಿ ಜೈಲಿಟಾಲ್, ಸಾರ್ಬಿಟಾಲ್, ಮ್ಯಾನಿಟಾಲ್ ಮುಂತಾದ ಸಕ್ಕರೆ ಆಲ್ಕೋಹಾಲ್‌ಗಳನ್ನು ಇಟ್ಟು ಅದೇ ದಾರಿಯಲ್ಲಿ ಮುಂದುವರಿಯಿತು. ಸಾರ್ಬಿಟಾಲಿನಿಂದ ಎರಡು ನೀರಿನ ಅಣುಗಳನ್ನು ತೆಗೆದರೆ ದೊರೆಯುವ ಐಸೋಸಾರ್ಬೈಡ್ ಕೂಡ ಇಂತಹ ಘಟಕವೇ. ಎದೆನೋವು ಬಂದಾಗ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯಲ್ಲಿರುವುದು ಇದೇ ಐಸೋಸಾರ್ಬೈಡಿನ ನೈಟ್ರೇಟ್. ನಾಲ್ಕನೆಯದಾಗಿ, ಕಣಗಳನ್ನೋ ಹಾಳೆಯನ್ನೋ ಮೊದಲು ತಯಾರಿಸಿಕೊಂಡು ಮೇಲ್ಮೈಗೆ ಮಾತ್ರ ಸಕ್ಕರೆಯನ್ನು ಬೆಸೆಯುವುದೂ ಉಂಟು.

ಇದು ಪ್ರಯೋಗಾಲಯದಲ್ಲೇ ಉಳಿದಿದೆಯೇ ಅಥವಾ ರೋಗಿಗಳಿಗೂ ತಲುಪಿದೆಯೇ?

ತಲುಪಿದೆ. ಆಕ್ಟ್ರಿಯೋಟೈಡ್ ಎಂಬ ಹಾರ್ಮೋನ್ ಸದೃಶ ಔಷಧವನ್ನು ಅಕ್ರೋಮೆಗಲಿಯಲ್ಲಿ, ಅಂದರೆ ಬೆಳವಣಿಗೆಯ ಹಾರ್ಮೋನ್ ಅತಿಯಾಗಿ ಸ್ರವಿಸಿ ಕೈ, ಕಾಲು, ಮುಖದ ಮೂಳೆಗಳು ದಪ್ಪವಾಗುವ ಕಾಯಿಲೆಯಲ್ಲಿ, ಮತ್ತು ಕೆಲವು ಬಗೆಯ ಗೆಡ್ಡೆಗಳಲ್ಲಿ ಕೊಡುತ್ತಾರೆ. ರಕ್ತದಲ್ಲಿ ಇದರ ಅರ್ಧಾಯುಷ್ಯ ಎರಡು ಗಂಟೆಗಿಂತ ಕಡಿಮೆಯಾದ್ದರಿಂದ ಚರ್ಮದಡಿಯ ಚುಚ್ಚುಮದ್ದನ್ನು ಸಾಮಾನ್ಯವಾಗಿ ದಿನಕ್ಕೆ ಮೂರು ಬಾರಿ ತೆಗೆದುಕೊಳ್ಳಬೇಕಾಗುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸ್ಯಾಂಡೋಸ್ಟ್ಯಾಟಿನ್ ಎಲ್‌ಎಆರ್ ಈ ಔಷಧವನ್ನು ಪಾಲಿಮರಿನ ಸೂಕ್ಷ್ಮಗೋಳಗಳಲ್ಲಿ ಅಡಗಿಸಿ, ನಾಲ್ಕು ವಾರಕ್ಕೊಮ್ಮೆ ಪೃಷ್ಠದ ಸ್ನಾಯುವಿಗೆ ಕೊಡುವ ಒಂದು ಚುಚ್ಚುಮದ್ದಾಗಿಸಿತು. ಆ ಪಾಲಿಮರ್ ಗ್ಲೂಕೋಸನ್ನು ನಡುವೆ ಇಟ್ಟುಕೊಂಡ ನಕ್ಷತ್ರಾಕಾರದ ಪಿಎಲ್‌ಜಿಎ. ಚುಚ್ಚಿದ ಮೊದಲ ಗಂಟೆಯೊಳಗೆ ಸ್ವಲ್ಪ ಔಷಧ ಹೊರಬಂದು, ಬಳಿಕ ಕೆಲವು ದಿನ ರಕ್ತದ ಮಟ್ಟ ಕೆಳಗಿಳಿದು, ಎರಡು–ಮೂರು ವಾರಗಳ ಹೊತ್ತಿಗೆ ಪಾಲಿಮರ್ ಸವೆಯುತ್ತಾ ಬಂದಂತೆ ಸ್ಥಿರ ಮಟ್ಟ ತಲುಪುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಔಷಧದಲ್ಲಿ ಸಕ್ಕರೆಯನ್ನು ಯಾವ ಜೀವಕೋಶವೂ ಗುರುತಿಸುವುದಿಲ್ಲ, ಗುರುತಿಸಬೇಕಾಗಿಯೂ ಇಲ್ಲ. ಅದು ತೋಳುಗಳ ನಡುವೆ ಹುದುಗಿ ಅಣುವಿಗೆ ಆಕಾರ ಕೊಟ್ಟಿದೆ, ಅಷ್ಟೇ. ಇದಕ್ಕೆ ಎದುರು ತುದಿಯಲ್ಲಿರುವ ಉದಾಹರಣೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟಿಲ್ಮಾನೋಸೆಪ್ಟ್. ಡೆಕ್ಸ್‌ಟ್ರಾನ್ ಎಂಬ ಗ್ಲೂಕೋಸ್ ಪಾಲಿಮರಿನ ಸರಪಳಿಗೆ ಮ್ಯಾನೋಸ್ ಅಣುಗಳನ್ನು ಪೋಣಿಸಿ, ವಿಕಿರಣಶೀಲ ಟೆಕ್ನೀಷಿಯಮ್ಮನ್ನು ಹಿಡಿದಿಟ್ಟ ಇದನ್ನು ಕ್ಯಾನ್ಸರ್ ಗೆಡ್ಡೆಯ ಬಳಿ ಚುಚ್ಚಿದಾಗ, ದುಗ್ಧಗ್ರಂಥಿಗಳಲ್ಲಿರುವ, ಹೊರವಸ್ತುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳು ಮ್ಯಾನೋಸನ್ನು ಗುರುತಿಸಿ ಅದನ್ನು ತಡೆದು ನಿಲ್ಲಿಸುತ್ತವೆ. ಆಗ ಯಾವ ಗ್ರಂಥಿಯನ್ನು ತೆಗೆದು ಪರೀಕ್ಷಿಸಬೇಕು ಎಂಬುದು ಶಸ್ತ್ರಚಿಕಿತ್ಸಕರಿಗೆ ತಿಳಿಯುತ್ತದೆ. ಇದರ ಬೆನ್ನೆಲುಬು ಪಾಲಿಎಸ್ಟರ್ ಅಲ್ಲವಾದರೂ ಸಕ್ಕರೆಯ ಗುರುತಿನ ಮೇಲೆಯೇ ಅದು ಪೂರ್ತಿಯಾಗಿ ನಿಂತಿದೆ. ವಿದ್ಯಾರ್ಥಿಗಳು ತಮ್ಮ ಯೋಜನೆ ಈ ಎರಡರಲ್ಲಿ ಯಾವ ಬಗೆಯದು ಎಂದು ಆರಂಭದಲ್ಲೇ ನಿರ್ಧರಿಸಿಕೊಳ್ಳುವುದು ಅತ್ಯಗತ್ಯ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಮುಂದಿನ ಪ್ರತಿಯೊಂದು ಪರೀಕ್ಷೆಯೂ ಆ ನಿರ್ಧಾರವನ್ನು ಅನುಸರಿಸಿ ಬದಲಾಗುತ್ತದೆ.

ಯಾವ ಅಂಗಕ್ಕೆ ಯಾವ ಸಕ್ಕರೆ ಎಂಬುದನ್ನು ಹೇಗೆ ಆರಿಸುತ್ತಾರೆ?

ಯಕೃತ್ತಿನ ಮುಖ್ಯ ಕೋಶಗಳಾದ ಹೆಪಟೋಸೈಟುಗಳ ಮೇಲೆ ಏಷಿಯಾಲೋಗ್ಲೈಕೋಪ್ರೋಟೀನ್ ಗ್ರಾಹಿ ಎಂಬ, ಸಕ್ಕರೆಯನ್ನು ಗುರುತಿಸಿ ಹಿಡಿಯುವ ಪ್ರೋಟೀನ್ ದಟ್ಟವಾಗಿದೆ. ಗಿಲ್ಬರ್ಟ್ ಆಶ್ವೆಲ್ ಮತ್ತು ಅನಾಟೋಲ್ ಮೊರೆಲ್ ಅವರ ಸಂಶೋಧನೆಯಿಂದ ಬೆಳಕಿಗೆ ಬಂದ ಈ ಗ್ರಾಹಿ ಗ್ಯಾಲಕ್ಟೋಸನ್ನೂ ಅದಕ್ಕಿಂತ ಬಲವಾಗಿ ಎನ್-ಅಸಿಟೈಲ್‌ಗ್ಯಾಲಕ್ಟೋಸಮೀನನ್ನೂ ಹಿಡಿಯುತ್ತದೆ. ಆದ್ದರಿಂದ ಯಕೃತ್ತಿಗೆ ಗ್ಯಾಲಕ್ಟೋಸ್ ಕುಟುಂಬ, ಮ್ಯಾಕ್ರೋಫೇಜ್ ಮತ್ತು ಡೆಂಡ್ರಿಟಿಕ್ ಎಂಬ ರೋಗನಿರೋಧಕ ಕೋಶಗಳಿಗೆ ಮ್ಯಾನೋಸ್. ಯಕೃತ್ತಿನ ಈ ದಾರಿ ಮನುಷ್ಯರಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ ಎಂಬುದಕ್ಕೆ 2019ರಲ್ಲಿ ಅನುಮತಿ ಪಡೆದ ಗಿವೋಸಿರಾನ್ ಸಾಕ್ಷಿಯಾಗಿದೆ. ಅದು ಪಾಲಿಮರ್ ಅಲ್ಲ, ಮೂರು ಕವಲಿನ ಸಕ್ಕರೆಯನ್ನು ನೇರವಾಗಿ ತಗುಲಿಸಿದ ಆರ್‌ಎನ್‌ಎ ಔಷಧ.

ಗ್ರಾಹಿಯ ವಿವರಗಳನ್ನು ಓದದೆ ಸಕ್ಕರೆಯನ್ನು ಆರಿಸಬಾರದು. ಏಷಿಯಾಲೋಗ್ಲೈಕೋಪ್ರೋಟೀನ್ ಗ್ರಾಹಿಯಲ್ಲಿರುವ ಕ್ಯಾಲ್ಸಿಯಂ ಅಯಾನು ಗ್ಯಾಲಕ್ಟೋಸಿನ 3 ಮತ್ತು 4ನೆಯ ಇಂಗಾಲದ ಹೈಡ್ರಾಕ್ಸಿಲ್‌ಗಳನ್ನು ಹಿಡಿಯುವುದರಿಂದ ಅವೆರಡೂ ಬಿಡಿಯಾಗಿರಲೇಬೇಕು. ಪಾಲಿಮರಿನ ಕೊಂಡಿಯನ್ನು 1ನೆಯ ಅಥವಾ 6ನೆಯ ಇಂಗಾಲದಲ್ಲಿ ಹಾಕಬೇಕು. ಇನ್ನೊಂದು ವಿಷಯ ಕಣದ ಗಾತ್ರದ್ದು. ಯಕೃತ್ತಿನ ಸೂಕ್ಷ್ಮ ರಕ್ತನಾಳಗಳ ಗೋಡೆಯ ರಂಧ್ರಗಳು ಸುಮಾರು 100ರಿಂದ 150 ನ್ಯಾನೋಮೀಟರ್ ಇರುವುದರಿಂದ, 300 ನ್ಯಾನೋಮೀಟರ್ ಕಣದ ಮೈತುಂಬ ಗ್ಯಾಲಕ್ಟೋಸ್ ಹೊದಿಸಿದರೂ ಅದು ಹೆಪಟೋಸೈಟಿನ ಹತ್ತಿರ ಸುಳಿಯುವುದೇ ಕಷ್ಟ. ನಾಳದೊಳಗೇ ಕುಳಿತಿರುವ ಕುಪ್ಫರ್ ಕೋಶಗಳು, ಅಂದರೆ ಯಕೃತ್ತಿನ ಮ್ಯಾಕ್ರೋಫೇಜ್‌ಗಳು, ಅದನ್ನು ನುಂಗಿಬಿಡುತ್ತವೆ.

ಯಕೃತ್ತಿನ ಕ್ಯಾನ್ಸರಿಗೆ ಗ್ಯಾಲಕ್ಟೋಸ್ ಜೋಡಿಸಿದ ಪಾಲಿಮರ್ ಉತ್ತಮ ಎನ್ನಬಹುದೇ?

ಎಚ್ಚರದಿಂದ ಉತ್ತರಿಸಬೇಕಾದ ಪ್ರಶ್ನೆ ಇದು. ಡಾಕ್ಸೊರುಬಿಸಿನ್ ಔಷಧ ಮತ್ತು ಗ್ಯಾಲಕ್ಟೋಸಮೀನ್ ಎರಡನ್ನೂ ಹೊತ್ತ, ಪಿಕೆ2 ಎಂದು ಕರೆಯಲಾದ ಪಾಲಿಮರನ್ನು ಬ್ರಿಟನ್ನಿನಲ್ಲಿ ಯಕೃತ್ತಿನ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಪಾಲಿಮರ್ ಯಕೃತ್ತಿಗೆ ಹೋಗಿ ಸೇರಿತು ನಿಜ. ಗೆಡ್ಡೆಗಿಂತ ಆರೋಗ್ಯವಂತ ಯಕೃತ್ತಿನ ಭಾಗವೇ ಅದನ್ನು ಬಹಳ ಹೆಚ್ಚು ಹೀರಿಕೊಂಡಿತು ಎಂಬುದೂ ಅಷ್ಟೇ ನಿಜ. ಗ್ರಾಹಿಯು ಆರೋಗ್ಯವಂತ ಕೋಶದ ಗುರುತಾಗಿರುವಾಗ ಇದು ಅನಿರೀಕ್ಷಿತವೇನಲ್ಲ. ಅದೂ ಅಲ್ಲದೆ ಆ ಪಾಲಿಮರಿನ ಬೆನ್ನೆಲುಬು ದೇಹದಲ್ಲಿ ಒಡೆಯುವಂಥದ್ದಾಗಿರಲಿಲ್ಲ, ಮೂತ್ರಪಿಂಡದ ಮೂಲಕ ಹೊರಹೋಗುವಷ್ಟು ಚಿಕ್ಕದಾಗಿ ಅದನ್ನು ಮೊದಲೇ ತಯಾರಿಸಬೇಕಾಗಿತ್ತು. ವಿಘಟನೀಯ ಬೆನ್ನೆಲುಬಿಗೆ ಸಕ್ಕರೆ ಜೋಡಿಸುವ ಪ್ರಯತ್ನಕ್ಕೆ ಅರ್ಥ ಬರುವುದು ಈ ಹಿನ್ನೆಲೆಯಲ್ಲಿ. ನನ್ನ ಅಭಿಪ್ರಾಯದಲ್ಲಿ ಗ್ಯಾಲಕ್ಟೋಸಿನ ದಾರಿ ಗೆಡ್ಡೆಗಿಂತ ವೈರಸ್ ಸೋಂಕು ಮತ್ತು ಆನುವಂಶಿಕ ದೋಷಗಳಂತಹ, ಹೆಪಟೋಸೈಟೇ ಗುರಿಯಾಗಿರುವ ಕಾಯಿಲೆಗಳಿಗೆ ಹೆಚ್ಚು ಹೊಂದುತ್ತದೆ.

ಸರಪಳಿಗೆ ಒಂದು ಸಕ್ಕರೆ ಸಾಕೇ?

ಸಾಲದು. ಒಂಟಿ ಗ್ಯಾಲಕ್ಟೋಸ್ ಅಣುವನ್ನು ಯಕೃತ್ತಿನ ಗ್ರಾಹಿ ಬಹಳ ದುರ್ಬಲವಾಗಿ ಹಿಡಿಯುತ್ತದೆ, ಅಂದರೆ ಮಿಲಿಮೋಲಾರ್ ಮಟ್ಟದ ಸಾಂದ್ರತೆ ಬೇಕು. ಸರಿಯಾದ ಅಂತರದಲ್ಲಿ ಮೂರು ಇದ್ದರೆ ನ್ಯಾನೋಮೋಲಾರ್ ಮಟ್ಟ ಸಾಕಾಗುತ್ತದೆ. ಹಿಡಿತ ಲಕ್ಷಾಂತರ ಪಟ್ಟು ಹೆಚ್ಚುವ ಈ ಗುಂಪು ಪರಿಣಾಮವನ್ನು ವೈ. ಸಿ. ಲೀ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಸಕ್ಕರೆಗಳ ನಡುವಿನ ಅಂತರ ಸುಮಾರು 1.5ರಿಂದ 2.5 ನ್ಯಾನೋಮೀಟರ್ ಇರಬೇಕಾಗುತ್ತದೆ. ಪಾಲಿಮರ್ ಸರಪಳಿಯ ತುದಿಯಲ್ಲಿ ಒಂದೊಂದೇ ಸಕ್ಕರೆಯಿದ್ದರೂ ನೂರಾರು ಸರಪಳಿಗಳು ಸೇರಿ ನ್ಯಾನೋಕಣವಾದಾಗ ಮೇಲ್ಮೈಯಲ್ಲಿ ಇಂತಹ ಗುಂಪು ಮೂಡಬಹುದು. ಆದರೆ ಸಕ್ಕರೆಯನ್ನು ನೇರವಾಗಿ ಪಿಎಲ್‌ಎ ತುದಿಗೆ ಕಟ್ಟಿದರೆ ಅದು ಮೇಲ್ಮೈಗೆ ಒತ್ತಿಕೊಂಡೇ ಉಳಿದು ಗ್ರಾಹಿಯ ಹಿಡಿತಕ್ಕೆ ಸಿಗುವುದಿಲ್ಲ. ಈ ಕಾರಣಕ್ಕೆ ನಡುವೆ ಪಾಲಿಎಥಿಲೀನ್ ಗ್ಲೈಕಾಲಿನ ಉದ್ದನೆಯ ಕೊಂಡಿಯನ್ನು ಇಟ್ಟು ಸಕ್ಕರೆಯನ್ನು ನೀರಿನ ಕಡೆಗೆ ಚಾಚಿಸುವುದು ರೂಢಿಯಲ್ಲಿದೆ.

ರಕ್ಷಕ ಗುಂಪುಗಳು ಏಕೆ ಬೇಕು, ಅವುಗಳನ್ನು ತೆಗೆಯುವುದು ಏಕೆ ಅಷ್ಟು ಕಷ್ಟ?

ಈ ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯುವುದು, ಹೆಚ್ಚು ಮಾದರಿಗಳು ಹಾಳಾಗುವುದು ಈ ಹಂತದಲ್ಲಿ. ಸಕ್ಕರೆಯ ಪ್ರತಿಯೊಂದು ಹೈಡ್ರಾಕ್ಸಿಲ್ ಗುಂಪೂ ಪಾಲಿಮರ್ ಸರಪಳಿಯನ್ನು ಆರಂಭಿಸಬಲ್ಲದು. ಒಂದೇ ಜಾಗದಿಂದ ಸರಪಳಿ ಬೆಳೆಯಬೇಕಾದರೆ ಉಳಿದವುಗಳ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚಬೇಕು, ಹಾಗೆ ಮುಚ್ಚುವವೇ ರಕ್ಷಕ ಗುಂಪುಗಳು. ಗ್ಯಾಲಕ್ಟೋಸಿನಲ್ಲಿ ಇದಕ್ಕೊಂದು ಸುಲಭ ದಾರಿಯಿದೆ: ಆಮ್ಲ ವೇಗವರ್ಧಕದ ನೆರವಿನಿಂದ ಅಸಿಟೋನಿನ ಜೊತೆ ವರ್ತಿಸಿದಾಗ ಅದರ 1 ಮತ್ತು 2, 3 ಮತ್ತು 4ನೆಯ ಹೈಡ್ರಾಕ್ಸಿಲ್‌ಗಳು ಎರಡು ಐಸೋಪ್ರೊಪಿಲಿಡೀನ್ ಉಂಗುರಗಳಾಗಿ ಮುಚ್ಚಿಕೊಂಡು 6ನೆಯದು ಮಾತ್ರ ಬಿಡಿಯಾಗಿ ಉಳಿಯುತ್ತದೆ. ಒಂದೇ ಹಂತದಲ್ಲಿ ಸಿಗುವ ಈ ಸಂಯುಕ್ತ ಸಾವಯವ ದ್ರಾವಕಗಳಲ್ಲಿಯೂ ಕರಗುತ್ತದೆಯಾದ್ದರಿಂದ, ಕ್ಯಾಪ್ರೋಲ್ಯಾಕ್ಟೋನಿನ ಜೊತೆ ನೇರವಾಗಿ ಪಾಲಿಮರೀಕರಣಕ್ಕೆ ಇಳಿಸಬಹುದು.

ಮುಚ್ಚಿದ್ದನ್ನು ತೆರೆಯುವಾಗ ತೊಂದರೆ ಶುರುವಾಗುತ್ತದೆ. ಐಸೋಪ್ರೊಪಿಲಿಡೀನ್ ಗುಂಪನ್ನು ಶೇ 80ರಷ್ಟು ಪ್ರಬಲವಾದ ಟ್ರೈಫ್ಲೂರೋಅಸಿಟಿಕ್ ಆಮ್ಲದಿಂದ ತೆಗೆಯುತ್ತಾರೆ. ಅದೇ ಆಮ್ಲ ಪಾಲಿಮರಿನ ಎಸ್ಟರ್ ಬಂಧಗಳನ್ನೂ ಕಡಿಯಬಲ್ಲದು. ಹೊತ್ತು ಕಡಿಮೆಯಾದರೆ ಸಕ್ಕರೆ ಅರ್ಧ ಮುಚ್ಚಿಯೇ ಉಳಿಯುತ್ತದೆ, ಹೆಚ್ಚಾದರೆ ಸರಪಳಿ ತುಂಡಾಗುತ್ತದೆ. ಅಸಿಟೈಲ್ ರಕ್ಷಣೆಯನ್ನು ಆರಿಸಿಕೊಂಡವರಿಗೆ ಸಂಕಟ ಇನ್ನೂ ಹೆಚ್ಚು, ಏಕೆಂದರೆ ಅದನ್ನು ತೆಗೆಯಲು ಬಳಸುವ ಸೋಡಿಯಂ ಮೆಥಾಕ್ಸೈಡ್ ಸಕ್ಕರೆಯ ಅಸಿಟೇಟ್ ಎಸ್ಟರಿಗೂ ಪಾಲಿಮರಿನ ಎಸ್ಟರಿಗೂ ಭೇದ ಮಾಡುವುದಿಲ್ಲ. ಬೆಂಜೈಲ್ ರಕ್ಷಣೆಯನ್ನು ಹೈಡ್ರೋಜನ್ ಮತ್ತು ಪಲ್ಲೇಡಿಯಂ ಲೇಪಿತ ಇದ್ದಿಲಿನಿಂದ ತೆಗೆದರೆ ಸರಪಳಿ ಉಳಿಯುತ್ತದೆ, ಆದರೆ ಮಂದವಾದ ಪಾಲಿಮರ್ ದ್ರಾವಣದಿಂದ ನುಣ್ಣನೆಯ ಇದ್ದಿಲನ್ನು ಪೂರ್ತಿ ಸೋಸಿ ತೆಗೆಯುವುದು ಕಷ್ಟ. ದೇಹದೊಳಕ್ಕೆ ಹೋಗುವ ವಸ್ತುವಿನಲ್ಲಿ ಪಲ್ಲೇಡಿಯಂ ಉಳಿಯಬಾರದು. ಯಾವ ದಾರಿ ಹಿಡಿದರೂ ರಕ್ಷಣೆ ತೆಗೆಯುವ ಮೊದಲು ಮತ್ತು ತೆಗೆದ ನಂತರ ಜೆಲ್ ಪರ್ಮಿಯೇಶನ್ ಕ್ರೊಮ್ಯಾಟೋಗ್ರಫಿಯಿಂದ ಅಣುತೂಕ ಅಳೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸದ ಪ್ರಬಂಧವನ್ನು ಒಪ್ಪಿಕೊಳ್ಳುವುದು ಕಷ್ಟ.

ರಕ್ಷಕ ಗುಂಪುಗಳನ್ನು ತಪ್ಪಿಸುವ ದಾರಿಗಳಿಲ್ಲವೇ?

ಎರಡಿವೆ. ಕ್ಯಾಂಡಿಡಾ ಅಂಟಾರ್ಕ್ಟಿಕಾ ಯೀಸ್ಟಿನ ಲೈಪೇಸ್-ಬಿ ಕಿಣ್ವವು ಗ್ಲೂಕೋಸಿನಂತಹ ಸಕ್ಕರೆಯ 6ನೆಯ ಇಂಗಾಲದ ಹೈಡ್ರಾಕ್ಸಿಲನ್ನೇ ಹೆಚ್ಚಾಗಿ ಆರಿಸಿಕೊಂಡು ಎಸ್ಟರ್ ಕಟ್ಟುವುದರಿಂದ ಉಳಿದವನ್ನು ಮುಚ್ಚುವ ಅಗತ್ಯ ಬೀಳುವುದಿಲ್ಲ. ಇನ್ನೊಂದು ಕ್ಲಿಕ್ ರಸಾಯನಶಾಸ್ತ್ರ: ಪಾಲಿಮರಿನ ಮೇಲೆ ಆಲ್ಕೈನ್ ಗುಂಪನ್ನೂ ಸಕ್ಕರೆಯ ಮೇಲೆ ಅಝೈಡ್ ಗುಂಪನ್ನೂ ಮೊದಲೇ ಇರಿಸಿ, ತಾಮ್ರದ ವೇಗವರ್ಧಕದಿಂದ ಅವೆರಡನ್ನು ಬೆಸೆಯುವುದು. ಬಿಡಿ ಹೈಡ್ರಾಕ್ಸಿಲ್‌ಗಳು ಈ ಕ್ರಿಯೆಗೆ ಅಡ್ಡಬರುವುದಿಲ್ಲ. 2022ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಈ ವಿಧಾನಕ್ಕಾಗಿ ಕೆ. ಬ್ಯಾರಿ ಶಾರ್ಪ್‌ಲೆಸ್ ಮತ್ತು ಮಾರ್ಟೆನ್ ಮೆಲ್ಡಾಲ್ ಅವರಿಗೂ, ಇದನ್ನು ತಾಮ್ರವಿಲ್ಲದೆ ಜೀವಂತ ಕೋಶಗಳಲ್ಲಿ ನಡೆಸಿ ತೋರಿಸಿದ ಕ್ಯಾರೊಲಿನ್ ಬರ್ಟೊಝಿ ಅವರಿಗೂ ಸಂದಿತು. ಬರ್ಟೊಝಿ ಅವರ ಕೆಲಸ ಹುಟ್ಟಿದ್ದೇ ಕೋಶದ ಮೇಲ್ಮೈಯ ಸಕ್ಕರೆಗಳನ್ನು ನೋಡಬೇಕೆಂಬ ಪ್ರಶ್ನೆಯಿಂದ. ತಾಮ್ರವನ್ನು ಬಳಸಿದವರು ಅದನ್ನು ಪೂರ್ತಿ ತೊಳೆದು ತೆಗೆದಿದ್ದೇವೆ ಎಂದು ಅಳತೆಯ ಮೂಲಕ ತೋರಿಸಬೇಕು. ಉಳಿದ ತಾಮ್ರ ಕೋಶಗಳಿಗೆ ವಿಷ.

ಪಾಲಿಮರನ್ನು ಶುದ್ಧೀಕರಿಸುವಾಗ ಪುಡಿಯ ಬದಲು ಅಂಟು ಸಿಗುತ್ತದೆ. ಏಕೆ?

ಸಾಮಾನ್ಯ ಪಿಸಿಎಲ್ ಅನ್ನು ಡೈಕ್ಲೋರೋಮೀಥೇನಿನಲ್ಲಿ ಕರಗಿಸಿ ತಣ್ಣನೆಯ ಮೆಥನಾಲಿಗೆ ಹನಿಹನಿಯಾಗಿ ಸುರಿದರೆ ಬಿಳಿಯ ಎಳೆಗಳು ಹೊರಬಂದು ತಳಕ್ಕಿಳಿಯುತ್ತವೆ. ಸೋಸಿ ಒಣಗಿಸಿದರೆ ಕೆಲಸ ಮುಗಿಯಿತು. ಸಕ್ಕರೆಯ ಪ್ರಮಾಣ ಹೆಚ್ಚಾದಂತೆ ಅಥವಾ ಸರಪಳಿ ಗಿಡ್ಡವಾದಂತೆ ಅದೇ ಮೆಥನಾಲಿನಲ್ಲಿ ಹಾಲಿನಂತಹ ಕದಡು ಮಾತ್ರ ಕಾಣಿಸಿಕೊಂಡು, ಪಾತ್ರೆಯ ಗೋಡೆಗೆ ಜಿಗುಟಾದ ಪದರ ಹತ್ತುತ್ತದೆ, ಒಂದು ಭಾಗ ಮೆಥನಾಲಿನಲ್ಲೇ ಕರಗಿ ಉಳಿಯುತ್ತದೆ. ಆಗ ತಣ್ಣನೆಯ ಡೈಈಥೈಲ್ ಈಥರಿಗೆ ಬದಲಾಯಿಸುವುದು, ಅದೂ ಸಾಲದಿದ್ದರೆ ಡಯಾಲಿಸಿಸ್ ಪೊರೆಯಲ್ಲಿ ಶುದ್ಧೀಕರಿಸಿ ಹೆಪ್ಪುಗಟ್ಟಿಸಿ ಒಣಗಿಸುವುದು ಲೇಸು. ಪೊರೆಯೊಳಗೆ ನೀರಿನಲ್ಲಿ ಹೆಚ್ಚು ದಿನ ಬಿಟ್ಟರೆ ಎಸ್ಟರ್ ಬಂಧಗಳು ಅಲ್ಲಿಯೇ ಒಡೆಯತೊಡಗುತ್ತವೆ ಎಂಬುದು ನೆನಪಿರಲಿ.

ಪಾಲಿಮರೀಕರಣಕ್ಕೆ ಮುನ್ನ ಸಕ್ಕರೆಯನ್ನು ಒಣಗಿಸುವ ವಿಷಯವೂ ಇಷ್ಟೇ ಮುಖ್ಯ. ಸಕ್ಕರೆ ತೇವವನ್ನು ಬಿಡದೆ ಹಿಡಿದಿರುತ್ತದೆ, ನೀರಿನ ಅಣುವೂ ಉಂಗುರವನ್ನು ತೆರೆದು ಸರಪಳಿ ಆರಂಭಿಸುತ್ತದೆ, ಆದ್ದರಿಂದ ಕೊನೆಗೆ ಸಿಗುವ ಪಾಲಿಮರಿನಲ್ಲಿ ಸಕ್ಕರೆಯೇ ಇಲ್ಲದ ಸರಪಳಿಗಳು ಬೆರೆತಿರುತ್ತವೆ. ಮಳೆಗಾಲದಲ್ಲಿ ಕರಾವಳಿಯ ಅಥವಾ ಮಲೆನಾಡಿನ ಕಾಲೇಜಿನ ಪ್ರಯೋಗಾಲಯದಲ್ಲಿ ಈ ಕೆಲಸ ಮಾಡುವವರು ನಿರ್ವಾತದಲ್ಲಿ ಒಣಗಿಸಿದ ಸಕ್ಕರೆಯನ್ನು ತೆರೆದ ಗಾಳಿಯಲ್ಲಿ ತೂಗುವ ಆ ಕೆಲವು ನಿಮಿಷಗಳ ಬಗ್ಗೆಯೂ ಯೋಚಿಸಬೇಕಾಗುತ್ತದೆ.

ಸಕ್ಕರೆ ಸೇರಿದೆ, ಗುರುತಿಸುವಂತಿದೆ ಎಂಬುದನ್ನು ಹೇಗೆ ಖಚಿತಪಡಿಸಿಕೊಳ್ಳುವುದು?

ಇವು ಎರಡು ಬೇರೆ ಪ್ರಶ್ನೆಗಳು. ಸೇರಿದೆಯೇ ಎಂಬುದಕ್ಕೆ ಎನ್‌ಎಮ್‌ಆರ್ ರೋಹಿತವೂ, ಫೀನಾಲ್ ಮತ್ತು ಗಂಧಕಾಮ್ಲ ಹಾಕಿದಾಗ ಕಿತ್ತಳೆ ಮಿಶ್ರಿತ ಹಳದಿ ಬಣ್ಣ ಬರುವ ಹಳೆಯ ಪರೀಕ್ಷೆಯೂ ಸಾಕು. ಆ ಬಣ್ಣವನ್ನು 490 ನ್ಯಾನೋಮೀಟರಿನಲ್ಲಿ ಅಳೆದರೆ ಪ್ರಮಾಣವೂ ತಿಳಿಯುತ್ತದೆ. ಗುರುತಿಸುವಂತಿದೆಯೇ ಎಂಬುದಕ್ಕೆ ಸಕ್ಕರೆ ಹಿಡಿಯುವ ಪ್ರೋಟೀನುಗಳಾದ ಲೆಕ್ಟಿನ್‌ಗಳು ಬೇಕು. ಮ್ಯಾನೋಸ್ ಹೊದಿಸಿದ ನ್ಯಾನೋಕಣಗಳ ತಿಳಿ ದ್ರಾವಣಕ್ಕೆ ಕಾನ್ಕನವಾಲಿನ್-ಎ ಎಂಬ ಲೆಕ್ಟಿನ್ ಹಾಕಿ, ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಇರುವಂತೆ ನೋಡಿಕೊಂಡರೆ, ಅದರ ನಾಲ್ಕು ಹಿಡಿಗಳು ಕಣಗಳನ್ನು ಒಂದಕ್ಕೊಂದು ಕಟ್ಟಿ ದ್ರಾವಣ ಕದಡುತ್ತದೆ. ಬಳಿಕ ಬಿಡಿ ಮ್ಯಾನೋಸನ್ನು ಧಾರಾಳವಾಗಿ ಸೇರಿಸಿದಾಗ ಕದಡು ಇಳಿಯಬೇಕು. ಇಳಿಯದಿದ್ದರೆ ಅಲ್ಲಿ ನಡೆದದ್ದು ಗುರುತಿಸುವಿಕೆಯಲ್ಲ, ಪ್ರೋಟೀನ್ ಸುಮ್ಮನೆ ಅಂಟಿಕೊಂಡು ಗರಣೆಗಟ್ಟಿದೆ ಎಂದರ್ಥ. ಬಹಳಷ್ಟು ವರದಿಗಳು ಈ ಎರಡನೆಯ ಅರ್ಧವನ್ನು ಬಿಟ್ಟುಬಿಡುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಕಾನ್ಕನವಾಲಿನ್-ಎ ಮ್ಯಾನೋಸಿನ 3, 4 ಮತ್ತು 6ನೆಯ ಹೈಡ್ರಾಕ್ಸಿಲ್‌ಗಳನ್ನು ಬಳಸಿಕೊಳ್ಳುತ್ತದೆ, ಮ್ಯಾಕ್ರೋಫೇಜಿನ ಮ್ಯಾನೋಸ್ ಗ್ರಾಹಿ ಮುಖ್ಯವಾಗಿ 3 ಮತ್ತು 4ನೆಯವನ್ನು. ಹೀಗಾಗಿ 6ನೆಯ ಇಂಗಾಲದಲ್ಲಿ ಕೊಂಡಿ ಹಾಕಿದ ಪಾಲಿಮರ್ ಲೆಕ್ಟಿನ್ ಪರೀಕ್ಷೆಯಲ್ಲಿ ಸೋತರೂ ಕೋಶದ ಪರೀಕ್ಷೆಯಲ್ಲಿ ಗೆಲ್ಲಬಹುದು.

ಲೆಕ್ಟಿನ್‌ಗಳ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೊಡುಗೆ ದೊಡ್ಡದು. ಎಂ. ವಿಜಯನ್ ಮತ್ತು ಅವಧೇಶ ಸುರೋಲಿಯಾ ಅವರ ತಂಡಗಳು 1994ರಲ್ಲಿ ಕಡಲೆಕಾಯಿ ಲೆಕ್ಟಿನ್ನಿನ, 1996ರಲ್ಲಿ ಹಲಸಿನ ಬೀಜದ ಲೆಕ್ಟಿನ್ ಆದ ಜಕಾಲಿನ್ನಿನ ಸ್ಫಟಿಕ ರಚನೆಯನ್ನು ಪ್ರಕಟಿಸಿದವು. ಎರಡೂ ಗ್ಯಾಲಕ್ಟೋಸನ್ನು ಗುರುತಿಸುವ ಲೆಕ್ಟಿನ್‌ಗಳು. ಗ್ಯಾಲಕ್ಟೋಸ್ ಪಾಲಿಮರ್‌ಗಳ ಪರೀಕ್ಷೆಗೆ ಲೆಕ್ಟಿನ್ ಆರಿಸುವಾಗ ಅದರ ಹಿಡಿಯುವ ಜಾಗದಲ್ಲಿ ಸಕ್ಕರೆಯ ಯಾವ ಹೈಡ್ರಾಕ್ಸಿಲ್ ಎಲ್ಲಿ ಕೂರುತ್ತದೆ ಎಂಬುದು ಇಂತಹ ರಚನೆಗಳಿಂದಲೇ ತಿಳಿಯುತ್ತದೆ.

ಸಕ್ಕರೆ ಸೇರಿಸಿದರೆ ಪಾಲಿಮರ್ ಬೇಗ ಕರಗುತ್ತದೆಯೇ?

ಸಾಮಾನ್ಯವಾಗಿ ಹೌದು. ನೀರು ಹೆಚ್ಚು ಒಳಬರುತ್ತದೆ, ಸರಪಳಿಗಳ ಸ್ಫಟಿಕ ಜೋಡಣೆ ಸಡಿಲವಾಗುತ್ತದೆ. ಆದರೆ ತೂಕವನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರಬಾರದು. ಪಿಎಚ್ 7.4ರ ಫಾಸ್ಫೇಟ್ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಇಟ್ಟ ಪಿಎಲ್‌ಜಿಎ ಬಿಲ್ಲೆ ವಾರಗಳ ನಂತರವೂ ಆಕಾರ ಮತ್ತು ತೂಕದಲ್ಲಿ ಹಾಗೆಯೇ ಕಾಣಬಹುದು. ಇಕ್ಕಳದಿಂದ ಎತ್ತಿದೊಡನೆ ಹೊರಪದರ ಕುಸಿದು ಒಳಗಿನ ಲೋಳೆ ಹೊರಬರುತ್ತದೆ. ಒಡೆದ ತುಂಡುಗಳ ಆಮ್ಲ ದಪ್ಪ ವಸ್ತುವಿನ ನಡುವೆ ಸಿಕ್ಕಿಕೊಂಡು ಅಲ್ಲಿನ ವಿಘಟನೆಯನ್ನೇ ತೀವ್ರಗೊಳಿಸುವುದು ಇದಕ್ಕೆ ಕಾರಣ. ಸಕ್ಕರೆಯನ್ನು ಎಸ್ಟರ್ ಬಂಧದಿಂದ ಕಟ್ಟಿದ್ದರೆ ಪಾಲಿಮರಿಗಿಂತ ಮೊದಲೇ ಸಕ್ಕರೆ ಕಳಚಿಹೋಗುವ ಸಾಧ್ಯತೆಯಿರುವುದರಿಂದ, ಕಣ ಗುರಿ ತಲುಪುವಷ್ಟು ಹೊತ್ತು ಅದು ಉಳಿಯುತ್ತದೆಯೇ ಎಂಬುದನ್ನೂ ಪ್ರತ್ಯೇಕವಾಗಿ ಅಳೆಯಬೇಕು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ. ಇಂತಹ ಔಷಧದಿಂದ ರಕ್ತದ ಸಕ್ಕರೆ ಏರುತ್ತದೆಯೇ?

ಪಾಲಿಮರಿನಲ್ಲಿರುವ ಸಕ್ಕರೆಯಿಂದ ಏರುವುದಿಲ್ಲ. ಅಣುತೂಕ 50,000 ಇರುವ ನಕ್ಷತ್ರಾಕಾರದ ಪಾಲಿಮರಿನಲ್ಲಿ 180 ಅಣುತೂಕದ ಒಂದು ಗ್ಲೂಕೋಸಿನ ಪಾಲು ಶೇ 0.4ಕ್ಕಿಂತ ಕಡಿಮೆ. ಅರ್ಧ ಗ್ರಾಂ ಪಾಲಿಮರಿನಲ್ಲಿ ಎರಡು ಮಿಲಿಗ್ರಾಂ ಕೂಡ ಆಗದ ಆ ಗ್ಲೂಕೋಸ್ ವಾರಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಆರೋಗ್ಯವಂತ ವಯಸ್ಕರ ಐದು ಲೀಟರ್ ರಕ್ತದಲ್ಲಿ ಯಾವಾಗಲೂ ನಾಲ್ಕೈದು ಗ್ರಾಂ ಗ್ಲೂಕೋಸ್ ಇದ್ದೇ ಇರುತ್ತದೆ. ಆದರೆ ಆಕ್ಟ್ರಿಯೋಟೈಡ್ ಔಷಧವು ಇನ್ಸುಲಿನ್ ಮತ್ತು ಗ್ಲುಕಗಾನ್ ಸ್ರವಿಸುವಿಕೆಯ ಮೇಲೆ ಪರಿಣಾಮ ಬೀರುವುದರಿಂದ ರಕ್ತದ ಸಕ್ಕರೆ ಏರಿಳಿಯಬಹುದು. ಅದನ್ನು ಪಡೆಯುತ್ತಿರುವವರು ವೈದ್ಯರು ಹೇಳಿದಂತೆ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ಸಂಶೋಧಕರು ಮರೆಯಬಾರದ ಒಂದು ಘಟನೆಯಿದೆ. ಹೊಟ್ಟೆಯ ಪೊರೆಯ ಮೂಲಕ ಮಾಡುವ ಡಯಾಲಿಸಿಸ್‌ನಲ್ಲಿ ಬಳಸುವ ಐಕೋಡೆಕ್ಸ್‌ಟ್ರಿನ್ ಎಂಬ ಗ್ಲೂಕೋಸ್ ಪಾಲಿಮರ್ ದೇಹದಲ್ಲಿ ಒಡೆದು ಮಾಲ್ಟೋಸ್ ಆಗುತ್ತದೆ. ಒಂದು ಬಗೆಯ ಕಿಣ್ವವನ್ನು ಬಳಸುವ ಗ್ಲೂಕೋಮೀಟರ್ ಪಟ್ಟಿಗಳು ಆ ಮಾಲ್ಟೋಸನ್ನೂ ಗ್ಲೂಕೋಸ್ ಎಂದೇ ಓದಿ, ಇಲ್ಲದ ಸಕ್ಕರೆಗೆ ಇನ್ಸುಲಿನ್ ಕೊಟ್ಟು ರೋಗಿಗಳು ಸತ್ತ ಪ್ರಕರಣಗಳು ವರದಿಯಾದ್ದರಿಂದ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಪಾಲಿಮರ್ ಒಡೆದು ಬರುವ ಸಕ್ಕರೆ ವಿಷವಲ್ಲದಿದ್ದರೂ ರೋಗಿಯ ಇತರ ಪರೀಕ್ಷೆಗಳನ್ನು ಹೇಗೆ ತಪ್ಪು ದಾರಿಗೆ ಎಳೆಯಬಹುದು ಎಂದು ಮೊದಲೇ ನೋಡಬೇಕು.

ಸುರಕ್ಷತೆಗಾಗಿ ಯಾವ ಪರೀಕ್ಷೆಗಳಾಗಬೇಕು? ಭಾರತದಲ್ಲಿ ಅನುಮತಿ ಕೊಡುವವರು ಯಾರು?

ವೈದ್ಯಕೀಯ ಸಾಧನಗಳಿಗೆ ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಮಾಲಿಕೆ ಆಧಾರ. ಅದರ 5ನೆಯ ಭಾಗ ಕೋಶಗಳಿಗೆ ಆಗುವ ಹಾನಿಯನ್ನು, 13ನೆಯ ಭಾಗ ಪಾಲಿಮರ್ ಒಡೆದು ಬರುವ ವಸ್ತುಗಳನ್ನು ಕುರಿತದ್ದು. ಸಕ್ಕರೆಯಿರುವ ವಸ್ತುಗಳಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದರಿಂದ ಅವುಗಳ ವಿಷವಾದ ಎಂಡೋಟಾಕ್ಸಿನ್ ಪರೀಕ್ಷೆಗೆ ವಿಶೇಷ ಗಮನ ಕೊಡಬೇಕು. ಕ್ರಿಮಿನಾಶನಕ್ಕೆ ಆಟೋಕ್ಲೇವ್ ಹೊಂದುವುದಿಲ್ಲ, ಬಿಸಿ ಹಬೆಯಲ್ಲಿ ಪಾಲಿಎಸ್ಟರ್ ಒಡೆಯುತ್ತದೆ. ಗಾಮಾ ವಿಕಿರಣವೂ ಅಣುತೂಕವನ್ನು ಇಳಿಸುತ್ತದೆಯಾದ್ದರಿಂದ ಎಲ್ಲ ಅಳತೆಗಳನ್ನು ಕ್ರಿಮಿನಾಶನದ ನಂತರದ ಮಾದರಿಯ ಮೇಲೆಯೇ ಮಾಡಬೇಕು.

ಭಾರತದಲ್ಲಿ ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳು, ಹೊಸ ಔಷಧಗಳಿಗೆ 2019ರ ನಿಯಮಗಳು ಅನ್ವಯಿಸುತ್ತವೆ. ಅಪಾಯದ ಮಟ್ಟ ಹೆಚ್ಚಿರುವ ಸಿ ಮತ್ತು ಡಿ ವರ್ಗದ ಸಾಧನಗಳ ಪರವಾನಗಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಕೈಯಲ್ಲಿದೆ. ಪಿಎಲ್‌ಜಿಎ ಎಫ್‌ಡಿಎ ಅನುಮತಿ ಪಡೆದ ಪಾಲಿಮರ್ ಎಂದು ಪ್ರಬಂಧಗಳಲ್ಲಿ ಬರೆಯುವ ರೂಢಿ ಸರಿಯಲ್ಲ. ಅನುಮತಿ ಸಿಗುವುದು ನಿರ್ದಿಷ್ಟ ಉತ್ಪನ್ನಕ್ಕೆ, ನಿರ್ದಿಷ್ಟ ಬಳಕೆಗೆ. ಅದೇ ಪಿಎಲ್‌ಜಿಎಗೆ ಒಂದು ಸಕ್ಕರೆ ಜೋಡಿಸಿದರೂ ಅದು ಹೊಸ ವಸ್ತು.

ಕೈಟೋಸಾನ್, ಗೋರಿಕಾಯಿ ಅಂಟಿನಂತಹ ನೈಸರ್ಗಿಕ ಪಾಲಿಸ್ಯಾಕರೈಡ್‌ಗಳನ್ನೇ ಬಳಸಬಾರದೇಕೆ?

ಸಕ್ಕರೆ ಘಟಕಗಳೇ ಸರಪಳಿಯಾಗಿರುವ ಈ ನೈಸರ್ಗಿಕ ಪಾಲಿಮರ್‌ಗಳನ್ನು ಧಾರಾಳವಾಗಿ ಬಳಸಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ್ ಅಮಿನಭಾವಿ ಅವರ ತಂಡ ಇವುಗಳನ್ನು ಆಧರಿಸಿ ಔಷಧ ಬಿಡುಗಡೆಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿದೆ. ಅಗ್ಗವಾಗಿ ಸಿಗುವ ಇವು ಬಾಯಿಯ ಮೂಲಕ ಕೊಡುವ ಔಷಧಗಳಿಗೆ ಚೆನ್ನಾಗಿ ಹೊಂದುತ್ತವೆ. ಒಂದೊಂದು ಬಾರಿಯ ತಯಾರಿಕೆಯಲ್ಲೂ ಅಣುತೂಕ ಬದಲಾಗುವುದು, ಸಂಶ್ಲೇಷಿತ ಪಾಲಿಎಸ್ಟರಿನಂತೆ ಕರಗುವ ಅವಧಿಯನ್ನು ಮೊದಲೇ ನಿಗದಿಪಡಿಸಲಾಗದಿರುವುದು ಇವುಗಳ ಮಿತಿ. ರಕ್ತಕ್ಕೆ ಅಥವಾ ಸ್ನಾಯುವಿಗೆ ಕೊಡುವ ಔಷಧದಲ್ಲಿ ಈ ಮಿತಿ ಭಾರವಾಗುತ್ತದೆ.

ಈ ವಿಷಯದಲ್ಲಿ ಯೋಜನೆ ಕೈಗೊಳ್ಳುವ ವಿದ್ಯಾರ್ಥಿ ಎಲ್ಲಿಂದ ಆರಂಭಿಸಬೇಕು?

ಸಕ್ಕರೆಯಿಂದ ಆರಂಭಿಸದೆ ಜೀವಕೋಶದಿಂದ ಆರಂಭಿಸಿ. ಯಾವ ಕೋಶ, ಅದರ ಮೇಲೆ ಯಾವ ಗ್ರಾಹಿ, ಆ ಗ್ರಾಹಿಗೆ ಸಕ್ಕರೆಯ ಯಾವ ಹೈಡ್ರಾಕ್ಸಿಲ್‌ಗಳು ಬಿಡಿಯಾಗಿ ಬೇಕು ಎಂಬುದು ತಿಳಿದ ಮೇಲೆ ಕೊಂಡಿ ಹಾಕುವ ಜಾಗ ತಾನಾಗಿಯೇ ನಿರ್ಧಾರವಾಗುತ್ತದೆ. ಆ ಜಾಗಕ್ಕೆ ತಕ್ಕ ರಕ್ಷಕ ಗುಂಪು, ಅದನ್ನು ತೆಗೆಯುವ ವಿಧಾನ, ಆ ವಿಧಾನವನ್ನು ತಾಳಿಕೊಳ್ಳುವ ಪಾಲಿಮರ್ ಎಂಬ ಕ್ರಮದಲ್ಲಿ ಮುಂದಿನ ಆಯ್ಕೆಗಳನ್ನು ಮಾಡಿಕೊಳ್ಳಿ. ಹೋಲಿಕೆಗಾಗಿ ಎರಡು ಪಾಲಿಮರ್‌ಗಳನ್ನು ಜೊತೆಯಲ್ಲೇ ತಯಾರಿಸಿಟ್ಟುಕೊಳ್ಳಬೇಕು. ಒಂದು, ಅದೇ ಅಣುತೂಕದ, ಸಕ್ಕರೆಯೇ ಇಲ್ಲದ ಪಾಲಿಮರ್. ಇನ್ನೊಂದು, ಗ್ಯಾಲಕ್ಟೋಸಿನ ಜಾಗದಲ್ಲಿ ಗ್ಲೂಕೋಸನ್ನು ಅದೇ ಪ್ರಮಾಣದಲ್ಲಿ ಹೊತ್ತ ಪಾಲಿಮರ್. ಈ ಎರಡು ಸಕ್ಕರೆಗಳ ನಡುವೆ ವ್ಯತ್ಯಾಸವಿರುವುದು 4ನೆಯ ಇಂಗಾಲದ ಒಂದು ಹೈಡ್ರಾಕ್ಸಿಲಿನ ದಿಕ್ಕಿನಲ್ಲಿ ಮಾತ್ರ. ಹೆಪಟೋಸೈಟುಗಳು ಗ್ಯಾಲಕ್ಟೋಸ್ ಕಣಗಳನ್ನು ಹೆಚ್ಚಾಗಿ ಒಳಗೆಳೆದುಕೊಂಡು ಗ್ಲೂಕೋಸ್ ಕಣಗಳನ್ನು ಬಿಟ್ಟರೆ ಅದು ಗ್ರಾಹಿಯ ಕೆಲಸ. ಎರಡನ್ನೂ ಒಂದೇ ಸಮನಾಗಿ ಒಳಗೆಳೆದುಕೊಂಡರೆ ಕಾರಣವನ್ನು ಕಣದ ಗಾತ್ರದಲ್ಲಿಯೋ ಮೇಲ್ಮೈಯ ವಿದ್ಯುದಂಶದಲ್ಲಿಯೋ ಹುಡುಕಬೇಕು.